ಕಾಂಪ್ರಹೆನ್ಸಿವ್ ಇತ್ತು, ಕಂಬಕ್ಕೆ ಗುದ್ದಿದ ದುಡ್ಡು ಬರಲಿಲ್ಲ: ಬ್ರಿಟಿಷ್ ಕೊಲಂಬಿಯಾದಲ್ಲಿ ಕಾರು ವಿಮೆ ಮಾಡಿಸುವ ಬಗೆ

ಹೋದ ಚಳಿಗಾಲದ ಒಂದು ರಾತ್ರಿ ಫೋನ್ ಬಂತು. ಹಾಸನದ ಕಡೆಯ ಹುಡುಗ, ಕೆನಡಾದ ವ್ಯಾಂಕೂವರ್ ಸೀಮೆಗೆ ಬಂದು ನಾಲ್ಕು ತಿಂಗಳಾಗಿತ್ತು. ಮಾಲಿನ ನೆಲಮಾಳಿಗೆ ಪಾರ್ಕಿಂಗಿನಲ್ಲಿ ರಿವರ್ಸ್ ತೆಗೆಯುತ್ತಾ ಕಾಂಕ್ರೀಟ್ ಕಂಬಕ್ಕೆ ಗುದ್ದಿಸಿದ್ದ. ಹಿಂದಿನ ಬಂಪರ್ ಕಿತ್ತು ನೇತಾಡುತ್ತಿತ್ತು, ಡಿಕ್ಕಿಯ ಬಾಗಿಲು ಒಳಗೆ ಮಡಚಿಕೊಂಡಿತ್ತು. ದನಿಯಲ್ಲಿ ಮಾತ್ರ ಅಂಥ ಗಾಬರಿಯೇನೂ ಇರಲಿಲ್ಲ.

"ತೊಂದ್ರೆ ಇಲ್ಲ ಅಣ್ಣ, ಕಾಂಪ್ರಹೆನ್ಸಿವ್ ಮಾಡ್ಸಿದೀನಿ."

"ಕೊಲಿಷನ್ ಹಾಕ್ಸಿದೀಯಾ?"

"ಎರಡೂ ಒಂದೇ ಅಲ್ವಾ ಅಣ್ಣ?"

ಒಂದೇ ಅಲ್ಲ. ಬೆಂಗಳೂರಿನಲ್ಲಿ ಕಾಂಪ್ರಹೆನ್ಸಿವ್ ಅಂದರೆ ಥರ್ಡ್ ಪಾರ್ಟಿ ಜೊತೆಗೆ ನಮ್ಮ ಗಾಡಿಯ ಹಾನಿಯೂ ಸೇರಿದ ಪೂರ್ತಿ ಪಾಲಿಸಿ. ಇಲ್ಲಿ ಅದೇ ಪದಕ್ಕೆ ಬೇರೆ ಅರ್ಥ: ಗುದ್ದಾಟವೊಂದನ್ನು ಬಿಟ್ಟು ಮಿಕ್ಕ ಹಾನಿಗಳು. ಕಳ್ಳತನ, ಬೆಂಕಿ, ಗಾಜು ಒಡೆಯುವುದು, ಪ್ರವಾಹ, ಅಡ್ಡ ಬಂದ ಜಿಂಕೆ. ಕಂಬಕ್ಕೆ, ಗೋಡೆಗೆ, ಇನ್ನೊಂದು ಕಾರಿಗೆ ನಾವೇ ಹೋಗಿ ಗುದ್ದಿದರೆ ಅದು ಕೊಲಿಷನ್, ಅದಕ್ಕೆ ಬೇರೆಯೇ ಪ್ರೀಮಿಯಂ. ಹುಡುಗ ರಿಪೇರಿಯ ಅಷ್ಟೂ ದುಡ್ಡನ್ನು ಕೈಯಿಂದ ಕಟ್ಟಿದ.

ಕೌಂಟರಿನಲ್ಲಿ ಯಾರೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಅವರು ಕೇಳಿದ ಪ್ರಶ್ನೆ ಇವನಿಗೆ ಅರ್ಥವಾಗಿರಲಿಲ್ಲ, ಅಷ್ಟೆ. ಆಮೇಲೆ ಹೊಸದಾಗಿ ಬಂದ ಕನ್ನಡದವರಿಗೆಲ್ಲ ಒಂದೇ ಪಾಠ ಒಪ್ಪಿಸಿ ಒಪ್ಪಿಸಿ ಸಾಕಾಗಿ, ಬರೆದೇ ಬಿಡೋಣ ಅನ್ನಿಸಿತು.

ಮೊದಲು, ಯಾರ ಕೆಲಸ ಯಾವುದು

ಬ್ರಿಟಿಷ್ ಕೊಲಂಬಿಯಾದಲ್ಲಿ ರಸ್ತೆಗಿಳಿಯುವ ಕಾರಿಗೆಲ್ಲ ಬೇಸಿಕ್ ವಿಮೆ ಕಡ್ಡಾಯ. ಅದನ್ನು ಮಾರುವುದು ಪ್ರಾಂತ್ಯ ಸರ್ಕಾರದ ನಿಗಮವೊಂದೇ: ಇನ್ಶೂರೆನ್ಸ್ ಕಾರ್ಪೊರೇಷನ್ ಆಫ್ ಬ್ರಿಟಿಷ್ ಕೊಲಂಬಿಯಾ, ಎಲ್ಲರ ಬಾಯಲ್ಲಿ ಐಸಿಬಿಸಿ. 1973ರಲ್ಲಿ ಡೇವ್ ಬ್ಯಾರೆಟ್ ಮುಖ್ಯಮಂತ್ರಿಯಾಗಿದ್ದಾಗ ಹುಟ್ಟಿ, 1974ರ ಮಾರ್ಚ್‌ನಿಂದ ಪಾಲಿಸಿ ಕೊಡುತ್ತಿದೆ. ನಮ್ಮಲ್ಲೂ 1973ರಿಂದಲೇ ಜನರಲ್ ಇನ್ಶೂರೆನ್ಸ್ ರಾಷ್ಟ್ರೀಕರಣವಾಗಿ, ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳೇ ಸ್ಕೂಟರಿಗೂ ಲಾರಿಗೂ ವಿಮೆ ಬರೆಯುತ್ತಿದ್ದ ಕಾಲವಿತ್ತು. ನಮ್ಮಪ್ಪನ ಬಜಾಜ್ ಸ್ಕೂಟರಿನ ಡಬ್ಬಿಯಲ್ಲಿ ಮಡಚಿಟ್ಟಿದ್ದ ಕಾಗದ ಅಂಥದ್ದೇ. 2000ದ ಹೊತ್ತಿಗೆ ನಾವು ಬಾಗಿಲು ತೆರೆದೆವು. ಇವರು ಅರ್ಧ ಬಾಗಿಲು ಮಾತ್ರ ತೆರೆದಿದ್ದಾರೆ.

ಅರ್ಧ ಬಾಗಿಲು ಅಂದೆನಲ್ಲ: ಬೇಸಿಕ್ ಮೇಲೆ ಸೇರಿಸಿಕೊಳ್ಳುವ ಐಚ್ಛಿಕ ವಿಮೆಯನ್ನು ಐಸಿಬಿಸಿಯೂ ಮಾರುತ್ತದೆ, ಖಾಸಗಿಯವರೂ ಮಾರುತ್ತಾರೆ. ಬೇಸಿಕ್ ದರ ಏರಿಸಲು ಐಸಿಬಿಸಿ ಯುಟಿಲಿಟೀಸ್ ಕಮಿಷನ್ ಎಂಬ ನಿಯಂತ್ರಕರ ಮುಂದೆ ಲೆಕ್ಕ ಒಪ್ಪಿಸಬೇಕು. ಐಚ್ಛಿಕದಲ್ಲಿ ಪೈಪೋಟಿ, ಹಾಗಾಗಿ ಅಲ್ಲಿ ಚೌಕಾಸಿಗೆ ಜಾಗವಿದೆ. ಬೇಸಿಕ್ ವಿಷಯದಲ್ಲಿ ಹತ್ತು ಅಂಗಡಿ ಸುತ್ತಿ ಪ್ರಯೋಜನವಿಲ್ಲ, ಎಲ್ಲಿ ಕೇಳಿದರೂ ಅದೇ ಬೆಲೆ.

ಕೆನಡಾ ಪೂರ್ತಿ ಹೀಗಿದೆ ಅಂದುಕೊಳ್ಳಬೇಡಿ. ಸಾಸ್ಕಾಚೆವಾನ್ ಮತ್ತು ಮ್ಯಾನಿಟೋಬಾದಲ್ಲಿ ಬೇಸಿಕ್ ಸರ್ಕಾರದ್ದು. ಕ್ವಿಬೆಕ್‌ನಲ್ಲಿ ದೇಹದ ಗಾಯ ಸರ್ಕಾರದ ಪಾಲು, ಗಾಡಿಯ ಹಾನಿ ಖಾಸಗಿಯವರ ಪಾಲು. ಒಂಟಾರಿಯೋ, ಆಲ್ಬರ್ಟಾಗಳಲ್ಲಿ ಎಲ್ಲವೂ ಖಾಸಗಿ. ಟೊರಾಂಟೋದಲ್ಲಿರುವ ಭಾವ ಫೋನಿನಲ್ಲಿ ಕೊಡುವ ಸಲಹೆಯನ್ನು ಗೌರವದಿಂದ ಕೇಳಿ, ಇಲ್ಲಿ ಪಾಲಿಸಬೇಡಿ.

ಬೇಸಿಕ್‌ನಲ್ಲಿ ಏನು ಬರುತ್ತದೆ

2021ರ ಮೇ 1ರಿಂದ ಇಲ್ಲಿನ ಪದ್ಧತಿಯೇ ಬದಲಾಯಿತು. ಅದಕ್ಕೆ ಮೊದಲು ಗಾಯವಾದವರು ವಕೀಲರನ್ನು ಹಿಡಿದು, ತಪ್ಪು ಮಾಡಿದ ಚಾಲಕನ ಮೇಲೆ ದಾವೆ ಹೂಡುತ್ತಿದ್ದರು. ನಮ್ಮೂರ ಕೋರ್ಟುಗಳ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳ ಹಾಗೆಯೇ ಅನ್ನಿ. 2017-18ರಲ್ಲಿ ನಿಗಮದ ನಷ್ಟ 130 ಕೋಟಿ ಡಾಲರ್ ತಲುಪಿತು. ಆಗ ಅಟಾರ್ನಿ ಜನರಲ್ ಆಗಿದ್ದ ಡೇವಿಡ್ ಈಬಿ ಅದನ್ನು ಹೊತ್ತಿ ಉರಿಯುವ ಕಸದ ತೊಟ್ಟಿಗೆ ಹೋಲಿಸಿದ್ದು ಇಲ್ಲಿ ಗಾದೆಯ ಹಾಗೆ ಉಳಿದಿದೆ. ಕೊನೆಗೆ ಸರ್ಕಾರ ದಾವೆಯ ದಾರಿಯನ್ನೇ ಬಹುಮಟ್ಟಿಗೆ ಮುಚ್ಚಿ, ತಪ್ಪು ಯಾರದೇ ಇರಲಿ ಗಾಯಾಳುವಿನ ಆರೈಕೆ ನಿಗಮದ್ದೇ ಎಂದಿತು. ಹೊಸ ಪದ್ಧತಿಗೆ ಎನ್‌ಹ್ಯಾನ್ಸ್ಡ್ ಕೇರ್ ಎಂದು ಹೆಸರು, ಇಂಥದ್ದಕ್ಕೆ ನೋ-ಫಾಲ್ಟ್ ಅಂತಲೂ ಅನ್ನುತ್ತಾರೆ.

ಹಾಗಾಗಿ ಬೇಸಿಕ್‌ನ ಮೊದಲ ಭಾಗ ಮನುಷ್ಯರ ಮೈಗೆ ಸಂಬಂಧಿಸಿದ್ದು. ಅಪಘಾತದಲ್ಲಿ ಪೆಟ್ಟಾದ ಚಾಲಕ, ಪ್ರಯಾಣಿಕ, ಪಾದಚಾರಿ, ಸೈಕಲ್ ಸವಾರ, ಎಲ್ಲರಿಗೂ ಚಿಕಿತ್ಸೆ ಸಿಗುತ್ತದೆ. ಮೊದಲ 12 ವಾರಗಳಲ್ಲಿ 25 ಫಿಸಿಯೋಥೆರಪಿ, 12 ಮಸಾಜ್ ಥೆರಪಿ ಭೇಟಿಗಳಿಗೆ ಮುಂಚಿತ ಅನುಮತಿಯೂ ಬೇಡ, ಕ್ಲೇಮ್ ನಂಬರ್ ಕೊಟ್ಟರೆ ಸಾಕು. ಕೆಲಸಕ್ಕೆ ಹೋಗಲಾಗದಿದ್ದರೆ ಕೈಗೆ ಬರುತ್ತಿದ್ದ ನಿವ್ವಳ ಸಂಬಳದ ಶೇ. 90ರಷ್ಟು ಕೊಡುತ್ತಾರೆ. ಅದಕ್ಕೊಂದು ಮೇಲ್ಮಿತಿಯಿದೆ, ವರ್ಷವರ್ಷ ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತದೆ. ಐಟಿಯಲ್ಲಿ ದೊಡ್ಡ ಸಂಬಳದವರು ಆ ಮಿತಿ ದಾಟುವ ಸಾಧ್ಯತೆ ಹೆಚ್ಚು. ಅವರಿಗೆಂದೇ ಇನ್‌ಕಮ್ ಟಾಪ್-ಅಪ್ ಎಂಬ ಐಚ್ಛಿಕ ಸೇರ್ಪಡೆ ಇದೆ.

ಇದಕ್ಕೆ ಪ್ರತಿಯಾಗಿ ಬಿಟ್ಟುಕೊಟ್ಟದ್ದೂ ಇದೆ. ನಿಮ್ಮ ಕಾಲು ಮುರಿದವನ ಮೇಲೆ ನೋವಿನ ಪರಿಹಾರಕ್ಕಾಗಿ ಕೋರ್ಟಿಗೆ ಹೋಗುವಂತಿಲ್ಲ. ಅವನು ಕುಡಿದು ಓಡಿಸಿದ್ದಕ್ಕೋ ಅಂಥ ಇನ್ನೊಂದು ಗಂಭೀರ ಅಪರಾಧಕ್ಕೋ ಕ್ರಿಮಿನಲ್ ಶಿಕ್ಷೆಗೆ ಒಳಗಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಇದು ನ್ಯಾಯವೋ ಅಲ್ಲವೋ ಎಂಬ ಜಗಳ ಇಲ್ಲಿ ಇನ್ನೂ ನಡೆದಿದೆ. ಸಣ್ಣಪುಟ್ಟ ಪೆಟ್ಟಾದವರಿಗೆ ಒಳ್ಳೆಯದಾಗಿದೆ, ಜೀವಮಾನವಿಡೀ ನರಳುವವರಿಗೆ ಮೊದಲಿನ ಪದ್ಧತಿಯೇ ಹೆಚ್ಚು ಕೊಡುತ್ತಿತ್ತೇನೋ ಎಂಬುದು ನನ್ನ ಅನಿಸಿಕೆ. ಅದಿರಲಿ, ಇವತ್ತಿನ ಮಾತು ಪ್ರೀಮಿಯಂ ಬಗ್ಗೆ.

ಎರಡನೇ ಭಾಗ ನಿಮ್ಮ ಕಾರಿನದು: ತಪ್ಪು ಇನ್ನೊಬ್ಬರದಾಗಿದ್ದು, ಆ ಇನ್ನೊಬ್ಬರು ಯಾರೆಂದು ಗೊತ್ತಿದ್ದರೆ, ನಿಮ್ಮ ಗಾಡಿಯ ರಿಪೇರಿ ನಿಮ್ಮದೇ ಬೇಸಿಕ್‌ನಿಂದ, 2 ಲಕ್ಷ ಡಾಲರ್ ತನಕ. ಮೂರನೆಯದು ಥರ್ಡ್ ಪಾರ್ಟಿ ಹೊಣೆ, ಅದೂ 2 ಲಕ್ಷ ಡಾಲರ್. ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಒಳಗೆ ಇದು ಹೆಚ್ಚಾಗಿ ಬೇಲಿ, ಅಂಗಡಿ, ಗೋಡೆಯಂಥ ಆಸ್ತಿಗೆ ಬಳಕೆಯಾಗುತ್ತದೆ, ಎದುರಿನವರ ಕಾರನ್ನು ಅವರ ಬೇಸಿಕ್ಕೇ ನೋಡಿಕೊಳ್ಳುವುದರಿಂದ.

ಬೇಸಿಕ್ ಎಲ್ಲಿ ನಿಲ್ಲುತ್ತದೆ

ಈ ಜಾಗವನ್ನು ಬೆರಳಿಟ್ಟು ಗುರುತು ಮಾಡಿಕೊಂಡರೆ ಐಚ್ಛಿಕದಲ್ಲಿ ಏನು ಬೇಕು, ಏನು ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ನಿಮ್ಮದೇ ತಪ್ಪಿನಿಂದ ನಿಮ್ಮ ಕಾರಿಗೆ ಆದ ಹಾನಿಗೆ ಬೇಸಿಕ್ ಒಂದು ಡಾಲರನ್ನೂ ಕೊಡುವುದಿಲ್ಲ. ತಪ್ಪು ಪಾಲಾದರೆ ದುಡ್ಡೂ ಪಾಲಾಗುತ್ತದೆ. ರಿಪೇರಿ 8,000 ಡಾಲರ್ ಆಯಿತು, ತಪ್ಪು ನಿಮ್ಮದು ಶೇ. 25 ಅಂತಿಟ್ಟುಕೊಳ್ಳಿ. 6,000 ಬೇಸಿಕ್‌ನಿಂದ ಬರುತ್ತದೆ. ಉಳಿದ 2,000 ಕೊಲಿಷನ್ ಇದ್ದರೆ ಅದರಿಂದ, ಇಲ್ಲದಿದ್ದರೆ ಜೇಬಿನಿಂದ.

ಗುದ್ದಿ ಓಡಿಹೋದವನು ಯಾರೆಂದೇ ಗೊತ್ತಿಲ್ಲದಿದ್ದರೆ, ಅಂದರೆ ದಿನಸಿ ತಂದು ನೋಡುವಷ್ಟರಲ್ಲಿ ಬಾಗಿಲಿಗೆ ಯಾರೋ ಸವರಿಕೊಂಡು ಹೋಗಿದ್ದರೆ, ಕಾರಿನ ರಿಪೇರಿಗೆ ಬೇಸಿಕ್ ನಂಬಿ ಕೂರಬೇಡಿ. ಕೊಲಿಷನ್ ಅಥವಾ ಹಿಟ್-ಅಂಡ್-ರನ್ ಹೆಸರಿನ ಸೇರ್ಪಡೆ ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಕಳ್ಳತನ, ಬೆಂಕಿ, ಗಾಜು, ನೀರು, ಬಿದ್ದ ಮರ, ಇವೂ ಬೇಸಿಕ್‌ನಲ್ಲಿ ಇಲ್ಲ. 2021ರ ನವೆಂಬರಿನಲ್ಲಿ ಆ್ಯಬಟ್ಸ್‌ಫರ್ಡಿನ ಸೂಮಾಸ್ ಬಯಲು ಕೆರೆಯಾದಾಗ, ಮನೆಮುಂದೆ ನಿಂತಲ್ಲೇ ಮುಳುಗಿದ ಕಾರುಗಳಿಗೆ ದುಡ್ಡು ಬಂದದ್ದು ಕಾಂಪ್ರಹೆನ್ಸಿವ್‌ನಿಂದ.

ನಾಲ್ಕನೆಯದು ಗಡಿ. ಅದಕ್ಕೊಂದು ಪ್ರತ್ಯೇಕ ಪ್ಯಾರಾ ಕೊಡಲೇಬೇಕು.

ಸಿಯಾಟಲ್‌ಗೆ ಹೊರಟವರು ಇಲ್ಲಿ ನಿಂತು ಓದಿ

ನಮ್ಮಲ್ಲಿ ಯಾರಿಗೆ ಸಿಯಾಟಲ್ ಕಡೆ ಒಬ್ಬ ಕಸಿನ್ನೋ ಕಾಲೇಜು ಗೆಳೆಯನೋ ಇಲ್ಲ ಹೇಳಿ. ಲಾಂಗ್ ವೀಕೆಂಡ್ ಬಂತೆಂದರೆ ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಪೀಸ್ ಆರ್ಚ್ ಗಡಿಯಲ್ಲಿ ಸಾಲು ನಿಲ್ಲುತ್ತೇವೆ. ಆ ಗೇಟು ದಾಟಿದ ಕ್ಷಣದಿಂದ ಇಲ್ಲಿನ ದಾವೆ ಹೂಡಬಾರದೆಂಬ ನಿಯಮ ನಿಮ್ಮನ್ನು ಕಾಯುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ನಿಮ್ಮ ತಪ್ಪಿನಿಂದ ಒಬ್ಬರ ಬೆನ್ನುಮೂಳೆಗೆ ಪೆಟ್ಟಾದರೆ ಅವರು ನಿಮ್ಮ ಮೇಲೆ ದಾವೆ ಹೂಡಬಹುದು. ಅಲ್ಲಿನ ಆಸ್ಪತ್ರೆ ಬಿಲ್ಲು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಬೇಸಿಕ್‌ನ 2 ಲಕ್ಷ, ಅದೂ ಕೆನಡಾದ ಡಾಲರ್, ಎಷ್ಟು ದೂರ ಬಂದೀತು? ಮಿಕ್ಕಿದ್ದಕ್ಕೆ ನಿಮ್ಮ ಮನೆ, ಉಳಿತಾಯವೇ ಜಾಮೀನು.

ತಿರುಗಾಮುರುಗಾ ಆದರೂ ಯೋಚಿಸಿ. ವಾಷಿಂಗ್ಟನ್ನಿನಲ್ಲಿ ಕಾನೂನು ಬೇಡುವ ಕನಿಷ್ಠ ವಿಮೆ ಒಬ್ಬರ ಗಾಯಕ್ಕೆ 25,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 50,000. ಅಷ್ಟೇ ವಿಮೆಯಿರುವವನು ನಿಮಗೆ ಗುದ್ದಿದರೆ? ಇಂಥ ಸಂದರ್ಭಕ್ಕೆಂದೇ ಬೇಸಿಕ್‌ನೊಳಗೆ ಅಂಡರ್‌ಇನ್ಶೂರ್ಡ್ ಮೋಟಾರಿಸ್ಟ್ ಪ್ರೊಟೆಕ್ಷನ್ ಎಂದು 10 ಲಕ್ಷ ಡಾಲರ್ ತನಕದ ರಕ್ಷಣೆ ಇದೆ. ಬಿ.ಸಿ. ನಿವಾಸಿಯಾದ ನಿಮ್ಮ ಚಿಕಿತ್ಸೆ, ಸಂಬಳದ ಭಾಗವೂ ಅಮೆರಿಕದಲ್ಲಿ ನಿಮ್ಮ ಜೊತೆ ಬರುತ್ತದೆ. ಆದರೆ ನಿಮ್ಮಿಂದ ಇತರರಿಗಾಗುವ ಹಾನಿಗೆ ಮಾತ್ರ ನೀವೇ ಎಕ್ಸ್‌ಟೆಂಡೆಡ್ ಥರ್ಡ್ ಪಾರ್ಟಿ ಲಯಬಿಲಿಟಿ ಕೊಳ್ಳಬೇಕು.

ಆದ್ದರಿಂದ ಐಚ್ಛಿಕದಲ್ಲಿ ಮೊದಲು ಹಾಕಿಸಬೇಕಾದ್ದು ಇದೇ. ಕೊಲಿಷನ್‌ಗಿಂತಲೂ ಮೊದಲು. ಕಾರು ಹೋದರೆ ಕಾರಿನ ಬೆಲೆಯಷ್ಟೇ ಹೋಗುತ್ತದೆ, ಇಲ್ಲಿ ಹೋಗುವುದಕ್ಕೆ ಅಳತೆಯಿಲ್ಲ. 20 ಲಕ್ಷ, 30 ಲಕ್ಷ, 50 ಲಕ್ಷ ಡಾಲರ್ ಎಂದು ಮಜಲುಗಳಿವೆ. ಒಂದು ಮಜಲಿನಿಂದ ಮುಂದಿನದಕ್ಕೆ ಏರಲು ಪ್ರೀಮಿಯಂನಲ್ಲಿ ಆಗುವ ವ್ಯತ್ಯಾಸ ಎಷ್ಟೆಂದು ಕೌಂಟರಿನಲ್ಲಿ ಕೇಳಿ ನೋಡಿ, ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ. ನನ್ನದು 50 ಲಕ್ಷದ್ದು. ಹೆಂಡತಿಗೆ ಇದು ಅತಿ ಅನ್ನಿಸುತ್ತದೆ, ನನಗೆ ನಿದ್ದೆ ಬರುತ್ತದೆ.

ಕೌಂಟರಿಗೆ ಹೋಗುವ ಮೊದಲು

ಆಟೋಪ್ಲಾನ್ ಬ್ರೋಕರ್ ಎಂಬ ಬೋರ್ಡು ಇಲ್ಲಿ ಪ್ರತಿ ಸ್ಟ್ರಿಪ್ ಮಾಲಿನಲ್ಲೂ ಕಾಣುತ್ತದೆ. ನಮ್ಮ ಸರ್ರೆಯಲ್ಲಂತೂ ಸಮೋಸ ಅಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ ಒಂದು ಇದ್ದೇ ಇರುತ್ತದೆ. ನೋಂದಣಿ, ನಂಬರ್ ಪ್ಲೇಟ್, ವಿಮೆ ಮೂರೂ ಆ ಒಂದೇ ಕೌಂಟರಿನಲ್ಲಿ. ಆರ್‌ಟಿಓಗೆ ಬೇರೆ, ಏಜೆಂಟನಿಗೆ ಬೇರೆ ಅಲೆದ ನಮಗೆ ಇದೊಂದು ಸುಖ. ಅಲ್ಲಿ ಕೂತಿರುವವರು ಖಾಸಗಿ ಬ್ರೋಕರುಗಳು, ಐಸಿಬಿಸಿ ಪರವಾಗಿ ಬೇಸಿಕ್ ಬರೆಯುತ್ತಾರೆ, ಜೊತೆಗೆ ಖಾಸಗಿ ಕಂಪನಿಗಳ ಐಚ್ಛಿಕವನ್ನೂ ಹಲವರು ಮಾರುತ್ತಾರೆ. ಯಾವ ಕಂಪನಿಗಳದು ಇವರಲ್ಲಿ ಸಿಗುತ್ತದೆಂದು ಮೊದಲೇ ಕೇಳಿ.

ಊರಿನಿಂದ ಹೊರಡುವ ಮುಂಚೆಯೇ ಎರಡು ಕಾಗದ ಜೋಡಿಸಿಕೊಳ್ಳಿ. ಒಂದು ಡ್ರೈವಿಂಗ್ ಲೈಸೆನ್ಸಿನ ಎಕ್ಸ್‌ಟ್ರ್ಯಾಕ್ಟ್, ಲೈಸೆನ್ಸ್ ಮೊದಲು ಕೊಟ್ಟ ದಿನಾಂಕ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಇನ್ನೊಂದು ನಿಮ್ಮ ಹಳೆ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ. ಇಲ್ಲಿ ಪ್ರೀಮಿಯಂ ನಿಲ್ಲುವುದೇ ಅನುಭವದ ವರ್ಷಗಳ ಮೇಲೆ, 40 ವರ್ಷದ ತನಕ ಅನುಭವ ಹೆಚ್ಚಿದಷ್ಟೂ ದರ ಇಳಿಯುತ್ತದೆ. ಹತ್ತು ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವನನ್ನು ಹೊಸ ಚಾಲಕ ಎಂದು ಬರೆದುಕೊಂಡರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಆದರೆ ಅವರಿಗೆ ಬೇಕಾದ್ದು ಕಾಗದ. ವಿದೇಶದ ಅನುಭವವನ್ನು ಎಷ್ಟರಮಟ್ಟಿಗೆ ಒಪ್ಪುತ್ತಾರೆ ಎಂಬುದು ನೀವು ತಂದ ದಾಖಲೆ ನೋಡಿ ತೀರ್ಮಾನವಾಗುತ್ತದೆ.

ಲೈಸೆನ್ಸ್ ಬದಲಾಯಿಸಲು ನೆಲೆ ನಿಂತ ದಿನದಿಂದ 90 ದಿನ ಅವಕಾಶ. ಭಾರತದ ಲೈಸೆನ್ಸಿಗೆ ನೇರ ಬದಲಿ ಇಲ್ಲ, ಬರಹದ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬೇರೆ ಪ್ರಾಂತ್ಯದಿಂದ ಕಾರು ತಂದಿದ್ದರೆ 30 ದಿನದೊಳಗೆ ಇಲ್ಲಿ ನೋಂದಾಯಿಸಿ.

ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು

ಹುಡುಗ ಜಾರಿ ಬಿದ್ದದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

"ಗಾಡಿ ಯಾತಕ್ಕೆ ಬಳಸುತ್ತೀರಿ?" ಸ್ವಂತ ಓಡಾಟ, ಕೆಲಸಕ್ಕೆ ಹೋಗಿಬರುವುದು, ವ್ಯಾಪಾರ, ಡೆಲಿವರಿ ಎಂದು ಬೇರೆ ಬೇರೆ ದರ್ಜೆಗಳಿವೆ. ಕೆಲಸದ ದೂರ 15 ಕಿಲೋಮೀಟರ್ ಒಳಗೋ ಹೊರಗೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬರೀ ಸ್ವಂತ ಓಡಾಟದ ದರ್ಜೆ ಅಗ್ಗ, ಅದರಲ್ಲಿ ತಿಂಗಳಿಗೆ 6 ದಿನ ತನಕ ಕೆಲಸಕ್ಕೆ ಹೋದರೆ ತಪ್ಪಿಲ್ಲ. ವರ್ಕ್ ಫ್ರಂ ಹೋಮ್ ಇರುವವರಿಗೆ ಇದು ಸಾಕು. ಆಫೀಸಿನವರು ವಾರಕ್ಕೆ ಮೂರು ದಿನ ಕರೆಯಲು ಶುರು ಮಾಡಿದ ದಿನ ಮಾತ್ರ ಬ್ರೋಕರಿಗೆ ಫೋನ್ ಮಾಡಿ ದರ್ಜೆ ಬದಲಾಯಿಸಿ. ಓದಲು ಬಂದ ಮಕ್ಕಳು ಸಂಜೆ ಹೊತ್ತು ಊಟ ತಲುಪಿಸುವ ಆ್ಯಪ್‌ಗೆ ಸೇರಿಕೊಂಡು ಸ್ವಂತ ಓಡಾಟದ ದರ್ಜೆಯಲ್ಲೇ ಇದ್ದುಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಅಪಘಾತವಾದರೆ ಪಾಲಿಸಿಯ ಷರತ್ತು ಮುರಿದ ಲೆಕ್ಕ. ಎದುರಿನವರಿಗೆ ಕೊಟ್ಟ ದುಡ್ಡನ್ನೂ ನಿಮ್ಮಿಂದಲೇ ವಸೂಲಿ ಮಾಡುವ ಹಕ್ಕು ನಿಗಮಕ್ಕಿದೆ.

"ಎಲ್ಲಿ ವಾಸ?" ವಿಳಾಸದ ಮೇಲೆ ದರ ಬದಲಾಗುತ್ತದೆ. ಕಡಿಮೆ ದರದ ಊರಿನಲ್ಲಿರುವ ಗೆಳೆಯನ ವಿಳಾಸ ಕೊಡುವ ಐಡಿಯಾ ನಿಮಗೂ ಹೊಳೆದಿರಬಹುದು. ಬೇಡ.

"ಇನ್ಯಾರು ಓಡಿಸುತ್ತಾರೆ?" ಬಹಳ ಜನ "ನಾನೊಬ್ಬನೇ" ಅಂದುಬಿಡುತ್ತಾರೆ, ಹೆಂಡತಿ ಅದೇ ಕಾರಿನಲ್ಲಿ ಎಲ್ ಬೋರ್ಡ್ ಅಂಟಿಸಿಕೊಂಡು ಕಲಿಯುತ್ತಿದ್ದರೂ. 2019ರ ಸೆಪ್ಟೆಂಬರಿನಿಂದ ಲೆಕ್ಕ ಹೀಗಿದೆ: ಚಾಲಕರ ಭಾಗದ ಶೇ. 75 ಮುಖ್ಯ ಚಾಲಕನ ಚರಿತ್ರೆಯಿಂದ, ಶೇ. 25 ಪಟ್ಟಿಯಲ್ಲಿರುವವರ ಪೈಕಿ ಹೆಚ್ಚು ಅಪಾಯದವರೆಂದು ಎಣಿಸಿದ ಒಬ್ಬರ ಚರಿತ್ರೆಯಿಂದ. ಹೊಸಬರನ್ನು ಸೇರಿಸಿದರೆ ದರ ಏರುವುದು ನಿಜ. ಆದರೆ ಪಟ್ಟಿಯಲ್ಲಿಲ್ಲದವರು ತಮ್ಮ ತಪ್ಪಿನಿಂದ ಅಪಘಾತ ಮಾಡಿದರೆ ಅನ್‌ಲಿಸ್ಟೆಡ್ ಡ್ರೈವರ್ ಆ್ಯಕ್ಸಿಡೆಂಟ್ ಪ್ರೀಮಿಯಂ ಎಂಬ ಹೆಸರಿನಲ್ಲಿ ಒಮ್ಮೆಗೇ ಕಟ್ಟಬೇಕಾಗುವ ಮೊತ್ತ ಇದಕ್ಕಿಂತ ಬಹಳ ದೊಡ್ಡದು. ಮನೆಯಲ್ಲಿ ಕೀಲಿಕೈಗೆ ಕೈ ಹಾಕುವವರೆಲ್ಲರ ಹೆಸರನ್ನೂ ಬರೆಸಿ. ಊರಿನಿಂದ ಅಪ್ಪಾಜಿ ಬಂದು ಆರು ತಿಂಗಳು ಇದ್ದು, ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತೇನೆಂದರೆ ಅವರ ಹೆಸರೂ ಬರಬೇಕು. ಅಪ್ಪ ಅಮ್ಮನಿಗೆ ವಿಸಿಟರ್ ಮೆಡಿಕಲ್ ಇನ್ಶೂರೆನ್ಸ್ ಪ್ರತ್ಯೇಕವಾಗಿ ಮಾಡಿಸುವುದನ್ನೂ ಮರೆಯಬೇಡಿ, ಕಾರಿನ ವಿಮೆ ಅವರ ಎದೆನೋವಿಗೆ ಆಗುವುದಿಲ್ಲ.

ರಿಯಾಯಿತಿಗಳನ್ನು ನೀವೇ ಕೇಳಿ ಪಡೆಯಿರಿ. ವರ್ಷಕ್ಕೆ ಕಡಿಮೆ ಕಿಲೋಮೀಟರ್ ಓಡಿಸುವವರಿಗೆ ಒಂದಿದೆ, ಓಡೋಮೀಟರಿನ ಫೋಟೋ ಸಾಕು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಫ್ಯಾಕ್ಟರಿಯಿಂದಲೇ ಇರುವ ಕಾರಿಗೆ ಇನ್ನೊಂದು.

ಐಚ್ಛಿಕ: ಯಾವುದು, ಯಾರ ಬಳಿ

ಹೊಣೆಯ ಮಿತಿ ಹೆಚ್ಚಿಸಿದ ಮೇಲೆ ಕೊಲಿಷನ್. ಸಾಲದ ಅಥವಾ ಲೀಸ್ ಕಾರಾದರೆ ಆಯ್ಕೆಯೇ ಇಲ್ಲ, ಬ್ಯಾಂಕಿನವರು ಕೊಲಿಷನ್, ಕಾಂಪ್ರಹೆನ್ಸಿವ್ ಎರಡನ್ನೂ ಕೇಳುತ್ತಾರೆ. ಸ್ವಂತದ ಹಳೆ ಕಾರಾದರೆ ಕಾಗದ ಪೆನ್ನು ಹಿಡಿದು ಕೂತುಕೊಳ್ಳಿ. ನಮ್ಮಲ್ಲಿಯ ಹಾಗೆ ಐಡಿವಿ ಎಂದು ಮೊದಲೇ ಬರೆದಿಡುವ ಮೊತ್ತ ಇಲ್ಲಿಲ್ಲ, ಕಾರು ಪೂರ್ತಿ ಹಾಳಾದ ದಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಎಷ್ಟೋ ಅಷ್ಟು. ಮಾರಿದರೆ 3,000 ಡಾಲರ್ ಬರುವ ಕಾರಿಗೆ 1,000 ಡಾಲರ್ ಡಿಡಕ್ಟಿಬಲ್ (ಕ್ಲೇಮಿನಲ್ಲಿ ಮೊದಲು ನಮ್ಮ ಕೈಯಿಂದ ಹೋಗುವ ಮೊತ್ತ) ಇಟ್ಟುಕೊಂಡರೆ ಕೈಗೆ ಬರುವುದು ಹೆಚ್ಚೆಂದರೆ 2,000. ಅದಕ್ಕಾಗಿ ವರ್ಷಕ್ಕೆ ಎಷ್ಟು ಕಟ್ಟುತ್ತಿದ್ದೀರಿ, ಎಷ್ಟು ವರ್ಷ ಕಟ್ಟಿದರೆ ಆ 2,000 ಮುಟ್ಟುತ್ತದೆ ಎಂದು ನೋಡಿ. ನಮ್ಮ ಹಳೆ ಕೊರೊಲಾಕ್ಕೆ ನಾನು ಕೊಲಿಷನ್ ತೆಗೆಸಿ ಎರಡು ವರ್ಷವಾಯಿತು. ಹೊಸ ಕಾರಿಗಾದರೆ ಹಾಗೆ ಮಾಡುವ ಧೈರ್ಯ ನನಗಿಲ್ಲ.

ಈ ಡಿಡಕ್ಟಿಬಲ್ ಎಷ್ಟಿರಬೇಕು? ಊರಲ್ಲಿ ಸಣ್ಣ ಕಾರಿಗೆ ಕಡ್ಡಾಯವಾಗಿ ಕಳೆಯುತ್ತಿದ್ದದ್ದು ಸಾವಿರ ರೂಪಾಯಿ, ಗ್ಯಾರೇಜಿನವನು ಅದನ್ನೂ ಹೇಗೋ ಹೊಂದಿಸಿಬಿಡುತ್ತಿದ್ದ. ಇಲ್ಲಿ 300, 500, 1,000 ಡಾಲರ್ ಎಂದು ನೀವೇ ಆರಿಸಬೇಕು. ಅದನ್ನು ಹೆಚ್ಚಿಸಿದರೆ ಪ್ರೀಮಿಯಂ ಇಳಿಯುತ್ತದೆ. ನಾಳೆ ಬೆಳಿಗ್ಗೆ ಯಾರ ಹತ್ತಿರವೂ ಕೈಚಾಚದೆ ಎಷ್ಟು ಕೊಡಬಲ್ಲಿರೋ ಅಷ್ಟಕ್ಕೇ ಇಟ್ಟುಕೊಳ್ಳಿ.

ಕಾಂಪ್ರಹೆನ್ಸಿವ್ ಹಳೆ ಕಾರಿಗೂ ಇರಲಿ ಎಂಬುದು ನನ್ನ ಮಾತು. ಕೊಕಿಹಾಲಾ ಹೆದ್ದಾರಿಯಲ್ಲಿ ಮುಂದಿನ ಟ್ರಕ್ಕಿನ ಚಕ್ರದಿಂದ ಸಿಡಿದ ಜಲ್ಲಿ ಚೂರು ಗಾಜಿಗೆ ಟಣ್ ಅಂದು ಬಡಿದು, ನೀವು ನೋಡುತ್ತಿರುವಂತೆಯೇ ಬಿರುಕು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಿಯುವುದನ್ನು ಒಮ್ಮೆ ನೋಡಿದವರು ಒಪ್ಪುತ್ತಾರೆ. ಒಂದು ಸೂಕ್ಷ್ಮ: ಜಿಂಕೆಗೆ ಗುದ್ದಿದರೆ ಕಾಂಪ್ರಹೆನ್ಸಿವ್, ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಕೊಲಿಷನ್.

ರಿಪೇರಿ ಆಗುವ ತನಕ ಬಾಡಿಗೆ ಕಾರು, ಹೊಸ ಕಾರು ಪೂರ್ತಿ ಹಾಳಾದರೆ ಹೊಸದೇ ಕೊಡುವ ಸೇರ್ಪಡೆ, ರೋಡ್‌ಸೈಡ್ ಸಹಾಯ ಇವೆಲ್ಲ ಅವರವರ ಅನುಕೂಲ. ಮನೆಗೊಂದೇ ಕಾರಿದ್ದು ಬಸ್ಸು ದೂರವಿದ್ದರೆ ಬಾಡಿಗೆ ಕಾರಿನದು ತೆಗೆದುಕೊಳ್ಳಿ.

ಈಗ ಐಸಿಬಿಸಿಯೋ ಖಾಸಗಿಯೋ? ಬಿಸಿಎಎ ಮುಂತಾದವರು ಹಲವರಿಗೆ ಕಡಿಮೆ ದರ ಕೊಡುತ್ತಾರೆ, ಮನೆ ವಿಮೆಯೂ ಅವರಲ್ಲೇ ಇದ್ದರೆ ಇನ್ನಷ್ಟು ಇಳಿಸಬಹುದು. ಆದರೆ ಅವರು ಎಲ್ಲರನ್ನೂ ಒಪ್ಪಬೇಕೆಂದಿಲ್ಲ. ಚರಿತ್ರೆಯಲ್ಲಿ ಎರಡು ಕ್ಲೇಮ್ ಕಂಡರೆ ಮುಂದಿನ ವರ್ಷ ನವೀಕರಿಸುವುದಿಲ್ಲ ಅನ್ನಬಹುದು. ಎರಡು ಕಡೆ ಪಾಲಿಸಿ ಇದ್ದರೆ ಎರಡು ಕಾಗದ, ಎರಡು ಮುಕ್ತಾಯದ ದಿನ. ಅವೆರಡೂ ಒಂದೇ ದಿನಕ್ಕೆ ಬರುವಂತೆ ಮಾಡಿಸಿ. ನನಗೆ ಗೊತ್ತಿರುವ ಒಬ್ಬರು ಬೇಸಿಕ್ ನವೀಕರಿಸಿ, ಖಾಸಗಿಯದು ಮುಗಿದದ್ದನ್ನು ಎರಡು ತಿಂಗಳು ಗಮನಿಸಿರಲಿಲ್ಲ. ಏನೂ ಆಗಲಿಲ್ಲ ಪುಣ್ಯಕ್ಕೆ.

ಬೆಲೆ ಹೋಲಿಸುವಾಗ ಎರಡೂ ಕಡೆ ಒಂದೇ ಹೊಣೆಯ ಮಿತಿ, ಒಂದೇ ಡಿಡಕ್ಟಿಬಲ್ ಹೇಳಿ ಕೇಳಿ. 20 ಲಕ್ಷದ ದರವನ್ನು 50 ಲಕ್ಷದ ದರದ ಪಕ್ಕ ಇಟ್ಟು "ಖಾಸಗಿ ಅಗ್ಗ" ಅನ್ನುವವರನ್ನು ಬಹಳ ನೋಡಿದ್ದೇನೆ. ಹುಟ್ಟು ವರ್ಷ, ಕಾರು, ಚರಿತ್ರೆ ಬೇರೆಯಾದರೆ ಉತ್ತರವೂ ಬೇರೆ, ಹಾಗಾಗಿ ಗೆಳೆಯನಿಗೆ ಅಗ್ಗವಾದದ್ದು ನಿಮಗೂ ಆಗಬೇಕೆಂದಿಲ್ಲ.

ಗುದ್ದಾಟ ಆಗಿಯೇ ಹೋದರೆ

ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ, ಆಗಿದ್ದರೆ 911. ಎದುರಿನವರ ಲೈಸೆನ್ಸ್ ಮತ್ತು ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ, ಸಾಕ್ಷಿ ಇದ್ದರೆ ಅವರ ಫೋನ್ ನಂಬರ್. "ಇಲ್ಲೇ ಮುಗಿಸಿಬಿಡೋಣ, ಐನೂರು ಕೊಡ್ತೀನಿ" ಎಂಬ ಮಾತಿಗೆ ಬಗ್ಗಬೇಡಿ. ಬಂಪರ್ ಹಿಂದೆ ಸೆನ್ಸರ್ ಹೋಗಿರುವುದು ಅಲ್ಲಿ ನಿಂತು ಕಾಣುವುದಿಲ್ಲ.

"ಸಾರಿ" ಅಂದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ನಮ್ಮವರಿಗೊಂದು ಹೆದರಿಕೆ. ಈ ಪ್ರಾಂತ್ಯದಲ್ಲಿ 2006ರಿಂದ ಕ್ಷಮಾಪಣೆಗೆಂದೇ ಒಂದು ಕಾಯಿದೆ ಇದೆ. ಕ್ಷಮೆ ಕೇಳಿದ್ದು ತಪ್ಪೊಪ್ಪಿಗೆಯೆಂದು ಲೆಕ್ಕಕ್ಕೆ ಬರುವುದಿಲ್ಲ, ಅದರಿಂದ ವಿಮೆಯೂ ಕೆಡುವುದಿಲ್ಲ. ಅತ್ತುಕೊಂಡು ನಿಂತ ಹೆಂಗಸಿಗೆ ಧಾರಾಳವಾಗಿ ಸಾರಿ ಹೇಳಿ.

ಆಮೇಲೆ ಐಸಿಬಿಸಿಗೆ ವರದಿ ಮಾಡಿ, ಆನ್‌ಲೈನ್‌ನಲ್ಲೂ ಆಗುತ್ತದೆ. ಕೊಲಿಷನ್ ಖಾಸಗಿಯವರದಾದರೆ ಅವರಿಗೂ ತಿಳಿಸಬೇಕು. ತಪ್ಪು ಯಾರದು, ಎಷ್ಟು ಪಾಲು ಎಂದು ತೀರ್ಮಾನಿಸುವುದು ನಿಗಮ. ಗಾಯದ ಭಾಗಕ್ಕೆ ತಪ್ಪು ಬೇಕಿಲ್ಲದಿದ್ದರೂ ಗಾಡಿಯ ಭಾಗಕ್ಕೂ ಮುಂದಿನ ಪ್ರೀಮಿಯಂಗೂ ಅದು ಬೇಕು. ನೋ-ಫಾಲ್ಟ್ ಅಂದರೆ ತಪ್ಪೇ ಲೆಕ್ಕಕ್ಕಿಲ್ಲ ಎಂದು ತಿಳಿದವರು ನವೀಕರಣದ ದಿನ ಬೆಚ್ಚಿಬೀಳುತ್ತಾರೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ನಿಗಮದೊಳಗೇ ಮರುಪರಿಶೀಲನೆ ಕೇಳಿ, ಅದರಿಂದಲೂ ಆಗದಿದ್ದರೆ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಇದೆ. ಅರ್ಜಿಯಿಂದ ಆದೇಶದವರೆಗೆ ಹೆಚ್ಚಿನದೆಲ್ಲ ಆನ್‌ಲೈನ್, ವಕೀಲರಿಲ್ಲದೆ ನಾವೇ ವಾದಿಸಿಕೊಳ್ಳಬಹುದು. ಡ್ಯಾಶ್‌ಕ್ಯಾಮ್ ಇದ್ದರೆ ಇಂಥ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಊರಿಗೆ ಹೋಗುವಾಗ

ಎರಡು ಮೂರು ತಿಂಗಳು ರಜೆ ಹಾಕಿ ಊರಿಗೆ ಹೊರಟರೆ, ನಿಂತ ಕಾರಿಗೆ ಪೂರ್ತಿ ವಿಮೆ ಕಟ್ಟುತ್ತಾ ಕೂರಬೇಕಾಗಿಲ್ಲ. ಪ್ಲೇಟ್ ಬಿಚ್ಚಿಕೊಂಡು ಬ್ರೋಕರಿಗೆ ಒಪ್ಪಿಸಿ ಪಾಲಿಸಿ ರದ್ದು ಮಾಡಿಸಿದರೆ ಉಳಿದ ಅವಧಿಯ ದುಡ್ಡು ವಾಪಸು ಬರುತ್ತದೆ. ಅದರ ಬದಲಿಗೆ ಸ್ಟೋರೇಜ್ ಪಾಲಿಸಿ ತೆಗೆದುಕೊಳ್ಳಿ, ನಿಂತಲ್ಲೇ ಕಳ್ಳತನ, ಬೆಂಕಿ ಆದರೆ ಅದು ನೋಡಿಕೊಳ್ಳುತ್ತದೆ. ಕಾರು ಸ್ವಂತ ಗ್ಯಾರೇಜಿನಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೋ ಇರಬೇಕು, ಬೀದಿಬದಿಯಲ್ಲಿ ನಿಲ್ಲಿಸುವಂತಿಲ್ಲ. ಬೇಸ್‌ಮೆಂಟ್ ಬಾಡಿಗೆಯಲ್ಲಿ ಬೀದಿ ಪಾರ್ಕಿಂಗ್ ನಂಬಿದವರು ಹೊರಡುವ ಮುನ್ನ ಯಾರಾದರೂ ಗೆಳೆಯರ ಡ್ರೈವ್‌ವೇ ಕೇಳಿಟ್ಟುಕೊಳ್ಳಿ. ಕಾರು ಮಾರಿದರೂ ಅಷ್ಟೇ, ಇಲ್ಲಿ ಪ್ಲೇಟ್ ಕಾರಿನದಲ್ಲ, ನಿಮ್ಮದು. ಸ್ಕ್ರೂಡ್ರೈವರ್ ಜೊತೆಗಿರಲಿ.

ಹಾಸನದ ಹುಡುಗ ಈಗ ಬೇರೆ ಕಾರು ತೆಗೆದುಕೊಂಡಿದ್ದಾನೆ. ಹೋದ ತಿಂಗಳು ಕೌಂಟರಿನಿಂದಲೇ ಫೋನ್ ಮಾಡಿ, ಕಾಗದದಲ್ಲಿದ್ದ ಒಂದೊಂದೇ ಸಾಲನ್ನು ನನಗೆ ಓದಿ ಹೇಳಿದ. ಹಿಂದೆ ಕ್ಯೂನಲ್ಲಿ ಯಾರೋ ಕೆಮ್ಮುತ್ತಿದ್ದರು. ಅವನು ಕೊಲಿಷನ್ ಅನ್ನುವ ಸಾಲು ಬಂದಾಗ ಎರಡು ಸಲ ಓದಿದ.